ಧನತೇರಸದಂದು ಅಂಗಳಕ್ಕೆ ಬಂದ ಪಾತ್ರೆಗಳು

ಒಗೆದ ಬಟ್ಟೆ ಬೆಳ್ಳಗೆ ಒಣಗಿದ್ದನ್ನು ಕಂಡು ಹೆದರಿದ ಹೆಂಗಸರು ನಾವು. ಅಹಮದಾಬಾದಿನಲ್ಲಿ ಮಿಲ್ಲಿನ ಹಿಂಬದಿಯ ಆ ಸಾಲುಮನೆಗಳ ಚಾಳಿನಲ್ಲಿ ಮೊದಲೆಲ್ಲ ಹಗ್ಗದ ಮೇಲೆ ಹರವಿದ ಸೀರೆಗೆ ಸಂಜೆಯೊಳಗೆ ಚಿಮಣಿಯ ಮಸಿ ಚುಕ್ಕೆಚುಕ್ಕೆಯಾಗಿ ಕೂರುತ್ತಿತ್ತು. ಹಾಲಿನ ಕೆನೆಯಲ್ಲಿ, ಮಗಳ ಹುಬ್ಬಿನಲ್ಲಿ, ದೇವರ ಮುಂದಿನ ದೀಪದ ಎಣ್ಣೆಯಲ್ಲಿ ಹತ್ತಿಯ ಎಳೆ ಸಿಕ್ಕುತ್ತಿತ್ತು. ಅದನ್ನು ಬೈಯುವುದೇ ನಮ್ಮ ಬೆಳಗಿನ ಮೊದಲ ಮಾತು. ಅರವತ್ತರ ದಶಕ ಅರ್ಧ ದಾಟಿದ ಮೇಲೆ ಮಿಲ್ಲಿನ ಮೂರನೆಯ ಪಾಳಿ ನಿಂತಿತು, ಆಮೇಲೆ ಎರಡನೆಯದು. ಗೋದಾಮಿನಲ್ಲಿ ಬಟ್ಟೆಯ ಥಾನುಗಳು ಮಾಡು ಮುಟ್ಟಿವೆ, ಕೊಳ್ಳುವವರಿಲ್ಲ, ಹತ್ತಿಯ ಬೆಲೆ ಮಾತ್ರ ಏರುತ್ತಿದೆ ಎನ್ನುತ್ತಿದ್ದರು. ಸೊಪ್ಪಿನವಳ ಕಟ್ಟು ಸಣ್ಣದಾಯಿತು. ಗೇಟಿನೆದುರಿನ ಚಹಾದವನು ಎರಡು ಬೆಂಚುಗಳಲ್ಲಿ ಒಂದನ್ನು ಮನೆಗೆ ಒಯ್ದ. ಹಗ್ಗದ ಮೇಲಿನ ಬಟ್ಟೆ ಬೆಳ್ಳಗಾಗುತ್ತ ಬಂತು.

"ನೋಡಿ ಬೆನ್, ನಿಮ್ಮ ಸಾಹೇಬರ ಅಂಗಿ," ಎಂದಳು ಒಂದು ದಿನ ಪಕ್ಕದ ಮನೆಯಾಕೆ. "ಮೊಲದ ಹಾಗಿದೆ. ಇಷ್ಟು ಬಿಳುಪು ನನಗೆ ಬೇಡಪ್ಪ."

ನಾನು ಆಕೆಯನ್ನು ಬೆನ್ ಎನ್ನುತ್ತಿದ್ದೆ, ಆಕೆಯೂ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. ಅಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ಅಕ್ಕತಂಗಿಯರೇ. ಆಕೆಯದು ಗುಜರಾತಿ, ನನ್ನದು ಹಿಂದಿಯೆಂದು ನಾನು ನಂಬಿದ್ದ ಒಂದು ಭಾಷೆ. ಮಾತು ನಡುವೆ ಸಿಕ್ಕಿಕೊಂಡರೆ ಆರು ವರ್ಷದ ನನ್ನ ಮಗಳು ಬಿಡಿಸುತ್ತಿದ್ದಳು. ಅವಳಿಗೆ ಕನ್ನಡಕ್ಕಿಂತ ಗುಜರಾತಿಯೇ ಸಲೀಸು.

ಬೆನ್‌ಳ ಗಂಡ ನೇಯ್ಗೆ ಖಾತೆಯಲ್ಲಿ ಖಾಯಂ ಕೆಲಸಗಾರ, ಜೋಡಿ ಮಗ್ಗ ನೋಡಿಕೊಳ್ಳುವವನು. ನನ್ನ ಯಜಮಾನರು ಅದೇ ಖಾತೆಯಲ್ಲಿ ಮಗ್ಗದವರ ಮೇಲ್ವಿಚಾರಣೆಯ ಅಸಿಸ್ಟೆಂಟ್ ಮಾಸ್ಟರ್. ಹಾಗಾಗಿ ಚಾಳಿನ ತುದಿಯ ಎರಡು ಕೋಣೆಯ ಕ್ವಾರ್ಟರ್ಸ್ ನಮ್ಮದು, ಅದಕ್ಕೆ ತಾಗಿದ ಒಂದು ಕೋಣೆ ಅವರದು. ಅಂಗಳ ಒಂದೇ, ನಲ್ಲಿಯೂ ಒಂದೇ. ಮಿಲ್ಲಿನ ಒಳಗೆ ಇಬ್ಬರು ಗಂಡಸರ ನಡುವೆ ಎಷ್ಟು ದೂರವಿತ್ತೋ ನನಗೆ ತಿಳಿಯದು. ನಲ್ಲಿಯ ಹತ್ತಿರ ನಮ್ಮಿಬ್ಬರ ನಡುವೆ ಒಂದು ಬಕೆಟ್ಟಿನಷ್ಟು.

ಆ ವರ್ಷ ದೀಪಾವಳಿ ರಜೆ ಕೊಡುವಾಗ ಮಿಲ್ಲಿನ ನೋಟೀಸು ಬೋರ್ಡಿನಲ್ಲಿ ರಜೆ ಎಂದಿತ್ತೇ ಹೊರತು ಮತ್ತೆ ತೆರೆಯುವ ದಿನ ಇರಲಿಲ್ಲ. ಬರೆಯುವ ಅಗತ್ಯವೂ ಇಲ್ಲವೆನ್ನಿ. ಗುಜರಾತಿನಲ್ಲಿ ದೀಪಾವಳಿಗೆ ಮುಚ್ಚಿದ ಅಂಗಡಿ, ವ್ಯಾಪಾರದ ಪೇಢಿ, ಮಿಲ್ಲು ಎಲ್ಲವೂ ಹೊಸ ವರ್ಷದ ಐದನೆಯ ದಿನ, ಲಾಭಪಂಚಮಿಯಂದು, ಪೂಜೆಯ ಮುಹೂರ್ತ ನೋಡಿ ತೆರೆಯುತ್ತವೆ. ಅಲ್ಲಿಯವರೆಗೆ ಇಡೀ ಊರಿಗೇ ಬೀಗ. ಕಷ್ಟವಿದ್ದದ್ದು ಅದರಲ್ಲೇ. ಹಬ್ಬಕ್ಕೆ ಹಾಕಿದ ಬೀಗವೋ, ಶಾಶ್ವತದ ಬೀಗವೋ, ನೋಡಿ ಹೇಳುವ ಹಾಗಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಹಬ್ಬದ ದಿನಗಳಲ್ಲಿ ಮುಚ್ಚುವ ಮಾತು ಬಾಯಲ್ಲಿ ಬರಬಾರದು. ಒಂದೇ ಒಂದು ಸುದ್ದಿ ಖಾತೆಯಿಂದ ಖಾತೆಗೆ ಹರಿದಾಡುತ್ತಿತ್ತು: ಈ ಸಲ ಜನ ಕಡಿಮೆ ಮಾಡುತ್ತಾರೆ, ಮುಹೂರ್ತದ ದಿನ ಗೇಟಿನಲ್ಲಿ ಹಾಜರಿಲ್ಲದವನ ಮಗ್ಗ ಬದಲಿಯವನಿಗೆ ಹೋಗುತ್ತದೆ. ಬದಲಿಯವರೆಂದರೆ ದಿನಾ ಬೆಳಿಗ್ಗೆ ಗೇಟಿನ ಹೊರಗೆ ನಿಂತು, ಯಾರಾದರೂ ಬಾರದಿದ್ದರೆ ಒಳಗೆ ಹೋಗಲು ಕಾಯುವವರು. ಬೆನ್‌ಳ ಗಂಡ ಹರೆಯದಲ್ಲಿ ವರ್ಷಗಟ್ಟಲೆ ಆ ಸಾಲಿನಲ್ಲಿ ನಿಂತೇ ಖಾಯಂ ಆದವನು. ಆ ಜೋಡಿ ಮಗ್ಗ ಆ ಮನೆಯ ಅನ್ನ.

"ತೆರೀತದಾ ಇಲ್ವಾ?" ಎಂದು ನಾನು ಇವರನ್ನು ಕೇಳಿದೆ.

"ಎಂತ ಹೇಳುದು? ದೊಡ್ಡ ಮಾಸ್ಟರು ಮುಖ ಕೊಟ್ಟು ಮಾತಾಡುದಿಲ್ಲ. ನಂಗೆ ಗೊತ್ತಿರುದು ನಿಂಗೆ ಗೊತ್ತುಂಟು, ಅಷ್ಟೇ."

ಇವರು ಕೂತಲ್ಲಿ ಕೂರುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಪೇಪರು ಬಿಡಿಸಿ, ಅರ್ಧಕ್ಕೆ ಮಡಚಿ, ಎದ್ದು ಬಾಗಿಲಿಗೆ ಹೋಗಿ ಚಿಮಣಿ ನೋಡಿ ಬರುವರು. ನಾನೂ ಅಷ್ಟೇ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಕಸೂತಿಯನ್ನು ಕೈಗೆತ್ತಿಕೊಂಡು ಒಂದು ಎಲೆ ಹಾಕುವುದು, ಸರಿಯಾಗಲಿಲ್ಲವೆಂದು ಬಿಚ್ಚುವುದು. ಆ ಮೇಜುಬಟ್ಟೆಯ ಒಂದು ಮೂಲೆ ಸೂಜಿಯ ತೂತಿನಿಂದಲೇ ಜಾಳಾಗಿಹೋಯಿತು.

ಹಿಂದಿನ ವರ್ಷಗಳಲ್ಲಿ ರಜೆ ಸಿಕ್ಕಿದೊಡನೆ ನಾವು ಊರಿನ ರೈಲು ಹತ್ತುತ್ತಿದ್ದೆವು. ಆ ವರ್ಷ ಹೋಗಲಿಲ್ಲ. ಹಾಗಾಗಿ ಚಾಳಿನಲ್ಲಿ ಅದೇ ನನ್ನ ಮೊದಲ ದೀಪಾವಳಿ. ಎಲ್ಲೇ ಇರಲಿ, ನೀರು ತುಂಬುವುದನ್ನು ಬಿಡಬಾರದು ಎಂದು ಅತ್ತೆಯವರ ಅಪ್ಪಣೆ. ನರಕ ಚತುರ್ದಶಿಯ ಎಣ್ಣೆಸ್ನಾನದ ಹಿಂದಿನ ದಿನ ಬಚ್ಚಲ ಹಂಡೆಯನ್ನು ಹೊರಗೆ ತಂದು ತಿಕ್ಕಿ ತೊಳೆದು, ಸಂಜೆ ಅದಕ್ಕೆ ಬಳ್ಳಿ ಸುತ್ತಿ, ಜಾಗಟೆ ಬಡಿದು ಹೊಸ ನೀರು ತುಂಬುವುದು ನಮ್ಮ ಕಡೆಯ ಕ್ರಮ. ಸುಮ್ಮನಿರಲಾಗದ ನನ್ನ ಕೈಗೆ ಆ ದಿನ ಹಂಡೆ ಒಂದೇ ಸಾಲಲಿಲ್ಲ. ಕೊಡಪಾನ, ಹಿತ್ತಾಳೆಯ ಚರಿಗೆಗಳು, ದೋಸೆ ಹಿಟ್ಟಿನ ಬೋಗುಣಿ, ಮದುವೆಯಲ್ಲಿ ತವರಿನವರು ಕೊಟ್ಟ ದೊಡ್ಡ ಕಡಾಯಿ, ಎಲ್ಲವನ್ನೂ ಅಂಗಳಕ್ಕೆ ಹೊತ್ತು ತಂದೆ. ಹೇಗೂ ಹೊರಗೆ ತಂದದ್ದಾಯಿತಲ್ಲ ಎಂದು ಹಾಸಿಗೆ, ಟ್ರಂಕು ಸಹ ಬಿಸಿಲಿಗೆ ಹಾಕಿದೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಒಂದೊಂದನ್ನೇ ಗೋಡೆಯ ಬದಿಗೆ ಬೋರಲು ಹಾಕಿದೆ. ನಡುಮಧ್ಯಾಹ್ನದ ಬಿಸಿಲಿಗೆ ಅವು ಕಣ್ಣು ಕುಕ್ಕುತ್ತಿದ್ದವು. ಎಷ್ಟೋ ದಿನದ ಮೇಲೆ ನನಗೆ ತುಸು ಸಮಾಧಾನವಾಯಿತು.

ಚಾಳು ಇದ್ದಕ್ಕಿದ್ದಂತೆ ಮೌನವಾದದ್ದು ನನ್ನ ಗಮನಕ್ಕೆ ಬಂತು, ಕಾರಣ ಮಾತ್ರ ಹೊಳೆಯಲಿಲ್ಲ. ಹೆಂಗಸರು ನಲ್ಲಿಗೆ ಬಂದರು, ಪಾತ್ರೆ ನೋಡಿದರು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೋದರು. ಬೆನ್ ಬಾಗಿಲಲ್ಲಿ ನಿಂತು ನೋಡಿದವಳು ಒಳಗೆ ಹೋಗಿ ಗಂಡನನ್ನು ಕರೆತಂದಳು. ಆತ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಟ್ರಂಕನ್ನೇ ನೋಡಿದ. ನಾನು ನಕ್ಕೆ. ಆತ ಕೈ ಮುಗಿದ. ಹಬ್ಬದ ದಿನವಲ್ಲವೇ, ಮರ್ಯಾದೆಗೆ ಮುಗಿದನೆಂದುಕೊಂಡೆ. ಹೊತ್ತು ಇಳಿಯುವಾಗ ಆತ ಹೊಸ ಅಂಗಿ ಹಾಕಿ, ಚೀಲ ಹಿಡಿದು ಸ್ಟೇಷನ್ನಿನ ಕಡೆ ನಡೆದದ್ದನ್ನು ನನ್ನ ಮಗಳು ನೋಡಿದಳು. ಎಲ್ಲಿಗೆಂದು ನಾನು ಕೇಳಲಿಲ್ಲ. ಅವರಾಗಿ ಹೇಳದೆ ಇನ್ನೊಬ್ಬರ ಮನೆಯ ಮಾತಿಗೆ ಕೈ ಹಾಕಬಾರದೆಂದು ಕಲಿತು ಬೆಳೆದವಳು ನಾನು.

ದೀಪಾವಳಿಯ ಮರುದಿನ, ಅಲ್ಲಿನ ಹೊಸ ವರ್ಷದ ಮುಂಜಾನೆ, ಬೀದಿಯಲ್ಲಿ ಉಪ್ಪು ಮಾರುವವರು "ಸಬರಸ್, ಸಬರಸ್" ಎಂದು ಕೂಗಿಕೊಂಡು ಬಂದರು. ವರ್ಷದ ಮೊದಲ ಕೊಳ್ಳುವಿಕೆ ಉಪ್ಪೇ ಆಗಬೇಕು. ಆಮೇಲೆ ಒಬ್ಬರ ಮನೆಗೊಬ್ಬರು ಸಾಲ್ ಮುಬಾರಕ್ ಹೇಳಲು ಹೋಗುವುದು. ಬೆನ್ ಘೂಘರಾದ ತಟ್ಟೆ ಹಿಡಿದು ಬಂದಳು. ನಮ್ಮ ಕರ್ಜಿಕಾಯಿಯಂಥ ತಿಂಡಿ ಅದು. ತಟ್ಟೆ ಕೊಡುವುದನ್ನು ಬಿಟ್ಟು ಆಕೆ ಅಡುಗೆಮನೆಯನ್ನು ಕಣ್ಣಲ್ಲೇ ಜಾಲಾಡಿದಳು. ಕೊಡಪಾನ ಕೊಡಪಾನದ ಜಾಗದಲ್ಲಿ, ಚರಿಗೆ ಚರಿಗೆಯ ಜಾಗದಲ್ಲಿ. ಬಚ್ಚಲಿಗೂ ಇಣುಕಿದಳು. ಹಂಡೆಯ ಕೊರಳಲ್ಲಿ ಬಳ್ಳಿ ಬಾಡಿತ್ತು.

"ಯಾವಾಗ ಹೊರಡ್ತೀರಿ?" ಎಂದಳು.

"ಎಲ್ಲಿಗೆ?"

"ನಿಮ್ಮ ದೇಶಕ್ಕೆ."

"ಈ ಸಲ ಹೋಗ್ತಾ ಇಲ್ಲ, ಬೆನ್."

ಆಕೆ ತಟ್ಟೆಯನ್ನು ನೆಲದ ಮೇಲಿಟ್ಟಳು. "ಅವತ್ತು ಧನತೇರಸ. ಆ ದಿನ ಭಿಕಾರಿ ಕೂಡ ಒಂದು ಚಮಚ ಕೊಂಡು ಮನೆ *ಒಳಗೆ* ತರ್ತಾನೆ. ನೀವು ಮನೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದ್ರಿ. ದಿವಾಳಿ ಎದ್ದ ಮನೆಯ ಹಾಗೆ ಬೋರಲು ಹಾಕಿದ್ರಿ! ಟ್ರಂಕು, ಹಾಸಿಗೆ! ಸಾಹೇಬರ ಮನೆ ಖಾಲಿ ಆಗ್ತಿದೆ ಅಂದ್ರೆ ಮಿಲ್ಲು ಮುಗೀತು ಅಂತ ತಾನೆ?"

"ಸ್ನಾನಕ್ಕೆ, ಬೆನ್. ನಮ್ಮಲ್ಲಿ ಹಂಡೆ ತೊಳೆದು..." ನನ್ನ ಹಿಂದಿ ಅಲ್ಲಿಗೇ ನಿಂತಿತು. ಮಗಳು ಮುಂದೆ ಬಂದು ಹಂಡೆ, ಎಣ್ಣೆ, ಜಾಗಟೆ ಎಲ್ಲವನ್ನೂ ಅಭಿನಯ ಸಮೇತ ಹೇಳಿದಳು.

"ಸ್ನಾನಕ್ಕೆ," ಎಂದಳು ಬೆನ್. "ನಿಮ್ಮ ಸ್ನಾನಕ್ಕೆ ನನ್ನ ಮಕ್ಕಳ ಅಪ್ಪ ಸೂರತ್‌ಗೆ ಹೋಗಿದ್ದಾರೆ."

ಸೂರತ್‌ನಲ್ಲಿ ಆಕೆಯ ಅಣ್ಣ ಕೃತಕ ರೇಷ್ಮೆಯ ಪವರ್‌ಲೂಮಿನಲ್ಲಿದ್ದ. ಇಲ್ಲಿನ ಮಿಲ್ಲು ಮುಚ್ಚಿತೆಂದು ತಿಳಿದರೆ ನೂರು ಜನ ಅಲ್ಲಿಗೆ ಓಡುತ್ತಾರೆ, ಅದಕ್ಕೆ ಮೊದಲು ಹೋಗಿ ಒಂದು ಮಗ್ಗ ಹಿಡಿಯಬೇಕೆಂದು ಬೆನ್‌ಳ ಗಂಡ ಹಬ್ಬದ ಅಡುಗೆಯನ್ನೂ ಉಣ್ಣದೆ ರೈಲು ಹತ್ತಿದ್ದ. ಹಬ್ಬ ಮುಗಿದೊಡನೆ ಕೂರಲು ಅಣ್ಣ ಹೇಗೋ ಒಂದು ಜಾಗ ಗೊತ್ತುಮಾಡಿಕೊಟ್ಟಿದ್ದಾನೆಂದು ಸುದ್ದಿ ಬಂದಿತ್ತು. ಬಿಟ್ಟು ಬಂದರೆ ಅಲ್ಲಿ ಇನ್ನೊಬ್ಬ ಕೂರುತ್ತಾನೆ. ಬಾರದಿದ್ದರೆ, ಇಲ್ಲಿ ಮಿಲ್ಲು ತೆರೆದರೆ, ಜೋಡಿ ಮಗ್ಗ ಬದಲಿಯವನಿಗೆ.

ಬೆನ್ ಇವರ ಮುಂದೆ ಹೋಗಿ ನಿಂತಳು. ಅದುವರೆಗೆ ಆಕೆ ಇವರೊಡನೆ ನೇರವಾಗಿ ಮಾತಾಡಿದವಳಲ್ಲ. "ಸಾಹೇಬ್, ನೀವು ದೊಡ್ಡವರು. ಒಂದು ಮಾತು ಹೇಳಿ. ತೆರೀತಾರಾ? ತೆರೀತಾರೆ ಅಂದ್ರೆ ಇವತ್ತೇ ತಾರ್ ಕಳಿಸಿ ಕರೆಸ್ತೀನಿ."

ಇವರು ಪೇಪರು ಮಡಚಿಟ್ಟು ಎದ್ದು ನಿಂತರು. "ನನಗೆ ಗೊತ್ತಿಲ್ಲ, ಬೆನ್. ನಿಜವಾಗಿ ಗೊತ್ತಿಲ್ಲ."

"ಸಾಹೇಬರಿಗೇ ಗೊತ್ತಿಲ್ಲ!" ಆಕೆ ನಕ್ಕಳು. "ಪಾತ್ರೆಗಾದರೂ ಗೊತ್ತಿತ್ತು ಅಂದುಕೊಂಡಿದ್ದೆ."

ಮುಂದಿನ ದಿನಗಳನ್ನು ಹೇಗೆ ಕಳೆದೆವೋ. ಬೆನ್ ತಂತಿ ಕಳಿಸುತ್ತೇನೆಂದು ಬೆಳಿಗ್ಗೆ ಸೆರಗು ಸಿಕ್ಕಿಸಿ ಹೊರಡುವಳು, ತಿರುವಿನವರೆಗೆ ಹೋಗಿ ವಾಪಸು ಬರುವಳು. ನಾನು ಬಾಗಿಲಲ್ಲಿದ್ದರೆ ಮುಖ ತಿರುಗಿಸುವಳು. ಇಬ್ಬರ ಬಕೆಟ್ಟೂ ನಲ್ಲಿಯ ಕೆಳಗೆ ಒಟ್ಟಿಗೆ ನಿಲ್ಲುವುದು ನಿಂತಿತು. ನಾನು ಅವಲಕ್ಕಿ ಕೊಟ್ಟು ಕಳಿಸಿದೆ, ತಟ್ಟೆ ಹಾಗೆಯೇ ಹಿಂದೆ ಬಂತು. ಮಗಳು ಕೇಳಿದಳು, "ಅಮ್ಮ, ಮಾಸಿ ಯಾಕೆ ಗುಸ್ಸೆ?" ಬೆನ್ ಅವಳಿಗೆ ಮಾಸಿ, ಚಿಕ್ಕಮ್ಮ. ನಾನು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ. ತಮಾಷೆಯೆಂದರೆ, ಮಿಲ್ಲು ತೆರೆಯಲಿ ಎಂದು ಹಗಲೆಲ್ಲ ಬೇಡುತ್ತಿದ್ದ ನಾನು, ತೆರೆದರೆ ಆ ಮನೆಯ ಗತಿಯೇನು ಎಂದು ಅದೇ ಉಸಿರಿನಲ್ಲಿ ಬೆಚ್ಚುತ್ತಿದ್ದೆ. ಯಾವ ದೇವರಿಗೆ ಯಾವ ಹರಕೆ ಹೇಳಬೇಕೆಂದೇ ತಿಳಿಯದ ದಿನಗಳು ಅವು.

ಲಾಭಪಂಚಮಿಯ ಬೆಳಿಗ್ಗೆ ಚಾಳಿನ ಗಂಡಸರೆಲ್ಲ ಒಗೆದ ಅಂಗಿ ತೊಟ್ಟು ಗೇಟಿಗೆ ಹೋದರು. ಇವರೂ ಹೋದರು. ನಾನು ಅಕ್ಕಿ ಆರಿಸುತ್ತ ಕೂತೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಅಷ್ಟರಲ್ಲಿ ಸೈರನ್ ಕೂಗಿತು.

ಎಷ್ಟು ದಿನದ ಮೇಲೆ! ಊರಿನ ಹಂಚಿನ ಕಾರ್ಖಾನೆಯ ಕೂಗಿನ ಹಾಗೆಯೇ, ಮೊದಲು ಕಟ್ಟಿದ ಗಂಟಲು, ಆಮೇಲೆ ಉದ್ದನೆಯ ರಾಗ. ಪಾರಿವಾಳಗಳು ಮಾಡಿನಿಂದ ಎದ್ದವು. ಹೆಂಗಸರು ಅಂಗಳಕ್ಕೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನೂ ಓಡಿ ಬಂದೆ. ಎದುರಿಗೆ ಬೆನ್. ಆಕೆ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ಕೇಳಿಸ್ತಾ ಬೆನ್? ತೊಳೀರಿ ನಿಮ್ಮ ಪಾತ್ರೆ! ಇನ್ನೂ ತೊಳೀರಿ!" ಎಂದು ಕೂಗಿದಳು. "ಇಷ್ಟು ಹೊತ್ತಿಗೆ ಯಾವನೋ ನನ್ನವರ ಮಗ್ಗದ ಮುಂದೆ ನಿಂತಿರ್ತಾನೆ. ನಿಮಗೇನು, ನಿಮ್ಮ ಸಾಹೇಬರು ಒಳಗೆ ಹೋದ್ರು."

ನಾನು ಹತ್ತಿರ ಹೋಗಿ ಕೂತೆ. ಆಕೆ ಸರಿದು ಕೂತಳು. ಎದ್ದು ಹೋಗಲಿಲ್ಲ.

ನನಗೇ ಮೊದಲು ಕಂಡದ್ದು. ಹೊಗೆಯಿರಲಿಲ್ಲ. ಸೈರನ್ ನಿಂತು ಎಷ್ಟು ಹೊತ್ತಾದರೂ ಚಿಮಣಿಯ ಬಾಯಲ್ಲಿ ಬರೀ ಆಕಾಶ. ಕಾಲಡಿಯಲ್ಲಿ ಸದಾ ಇರುತ್ತಿದ್ದ ಮಗ್ಗಗಳ ನಡುಕವೂ ಇರಲಿಲ್ಲ. ಆಮೇಲೆ ಗಲ್ಲಿಯ ತುದಿಯಲ್ಲಿ ಗಂಡಸರು ಕಾಣಿಸಿದರು, ಒಬ್ಬೊಬ್ಬರಾಗಿ, ನಿಧಾನವಾಗಿ. ಪಾಳಿ ಶುರುವಾದ ದಿನ ಯಾರೂ ಆ ಹೊತ್ತಿಗೆ ಹಿಂದೆ ಬರುವುದಿಲ್ಲ. ಇವರು ಎಲ್ಲರಿಗಿಂತ ಹಿಂದೆ ಇದ್ದರು. ಮುಷ್ಟಿ ಕಟ್ಟಿತ್ತು.

"ಎಂತ ಆಯ್ತು?"

ಇವರು ಮುಷ್ಟಿ ಬಿಚ್ಚಿದರು. ಒಂದು ತುಂಡು ಬೆಲ್ಲ, ನಾಲ್ಕು ಕೊತ್ತಂಬರಿ ಕಾಳು. ಅಲ್ಲಿ ಮುಹೂರ್ತದ ಪ್ರಸಾದ ಅದು.

"ಗೇಟಿಗೆ ಹೂ ಹಾಕಿದ್ರು, ತೆಂಗಿನಕಾಯಿ ಒಡೆದ್ರು. ಮುಹೂರ್ತ ತಪ್ಪಬಾರ್ದು ಅಂತ ಸೈರನ್ ಒಂದು ಕೂಗಿಸಿದ್ರು. ಪ್ರಸಾದ ಹಂಚಿದ್ರು. ಆಮೇಲೆ ನೋಟೀಸು ಅಂಟಿಸಿ, ಗೇಟು ಮುಚ್ಚಿದ್ರು." ಅಂಗೈ ಬಿಚ್ಚಿಯೇ ಹಿಡಿದು, "ಮುಂದಿನ ತೀರ್ಮಾನದವರೆಗೆ ಅಂತೆ" ಎಂದರು.

ಬೆನ್‌ಗೆ ಕನ್ನಡ ತಿಳಿಯದು. ಬೆಲ್ಲ ತಿಳಿಯಿತು. ಆಕೆ ಇವರ ಅಂಗೈಯನ್ನು ನೋಡಿದಳು, ನನ್ನನ್ನು ನೋಡಿದಳು, ಚಿಮಣಿಯನ್ನು ನೋಡಿದಳು. ಅಕ್ಕಪಕ್ಕದ ಮನೆಗಳಲ್ಲಿ ಅಳು ಶುರುವಾಗಿತ್ತು. ತನ್ನ ಮುಖದಲ್ಲಿ ಮೂಡುತ್ತಿದ್ದ ಸಮಾಧಾನ ಆಕೆಗೇ ನಾಚಿಕೆ ತಂದಿತೋ ಏನೋ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಒಳಗೆ ಹೋಗಿಬಿಟ್ಟಳು.

ಮರುವಾರದೊಳಗೆ ಚಾಳಿನ ಗಂಡಸರು ಸೂರತ್‌ಗೆ ಹೊರಟರು. ಹೆಚ್ಚಿನವರು ಹಾಗೆಯೇ ಹಿಂತಿರುಗಿದರು. ಇವರು ವಡೋದರಾಕ್ಕೆ ಹೋಗಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೂತು ಕಾದು ಬಂದರು, ಮತ್ತೆ ಹೋದರು. ಕೊನೆಗೆ ಅಲ್ಲಿ ಕೆಲಸವಾಯಿತು. ಮಗ್ಗದ ಕೆಲಸವಲ್ಲ, ಸ್ಟೋರ್ಸಿನದು. ಅಲ್ಲಿನ ಫತೇಗಂಜ್‌ನ ಬಾಡಿಗೆ ಮನೆಯಲ್ಲಿ ಎಷ್ಟೋ ತಿಂಗಳು ಇವರು ಬೆಳಿಗ್ಗೆ ಪೇಪರು ಮಡಚಿಟ್ಟು, ಅಭ್ಯಾಸಬಲದಿಂದ, ಬಾಗಿಲಿಗೆ ಹೋಗಿ ಇಲ್ಲದ ಚಿಮಣಿಯನ್ನು ಹುಡುಕುತ್ತಿದ್ದರು.

ಆದರೆ ನನಗೆ ನೆನಪಾಗುವುದು ಅದಕ್ಕಿಂತ ಮೊದಲಿನ ಒಂದು ಬೆಳಿಗ್ಗೆ. ನಲ್ಲಿಯ ಹತ್ತಿರ ಲೋಹದ ಸದ್ದು ಕೇಳಿ ಹೊರಗೆ ಬಂದೆ. ಬೆನ್ ತನ್ನ ಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದಿದ್ದಳು. ನೀರು ಹೊರುವ ಬೇಡಾ, ಲೋಟಾ, ರೊಟ್ಟಿಯ ಕಾವಲಿ, ಹಿಟ್ಟಿನ ಡಬ್ಬಿ, ಒಂದೂ ಬಿಡದೆ. ಸಂಜೆಯ ಗಾಡಿಗೆ ಮಕ್ಕಳೊಡನೆ ಸೂರತ್‌ಗೆ ಹೊರಡುವವಳು. ಎದುರು ಮನೆಯ ಮುದುಕಿ, "ಇವತ್ತು ಶನಿವಾರ, ಪಾತ್ರೆ ಹೊರಗೆ ಹಾಕಬೇಡ ಕಣೇ," ಎಂದಳು.

"ಹಾಕ್ತೀನಿ ಅಮ್ಮಾ," ಎಂದಳು ಬೆನ್. ಆಮೇಲೆ ನನ್ನ ಕಡೆ ತಿರುಗದೆ, "ನಿಮ್ಮ ಆ ಹುಳಿ ಇದೆಯಾ, ತಿಕ್ಕೋದಕ್ಕೆ?" ಎಂದಳು.

ಒಳಗೆ ಹೋಗಿ ಹುಣಸೆಹಣ್ಣು ತಂದೆ. ಇಬ್ಬರೂ ಕೂತು ತಿಕ್ಕಿದೆವು. ನಮ್ಮ ಪಾಲಿಗೆ ಆಗ ಯಾವ ಊರೂ ಗೊತ್ತಾಗಿರಲಿಲ್ಲ. ಅದನ್ನು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಲೋಟಾ ತೊಳೆದು ನಾನು ಅಭ್ಯಾಸದಂತೆ ಗೋಡೆಯ ಬದಿಗೆ ಬೋರಲು ಇಟ್ಟೆ. ಆಕೆ ಕೈ ಚಾಚಿ ಅದನ್ನು ನೆಟ್ಟಗೆ ನಿಲ್ಲಿಸಿದಳು.