ಚಪ್ಪಲಿ ಬಿಡುವ ತೋಟ

ಸವಣೂರಿನ ಹಸನಸಾಬನ ವೀಳ್ಯದೆಲೆ ಬಳ್ಳಿಯ ತೋಟಕ್ಕೆ ಯಾರೇ ಬರಲಿ, ಬೇಲಿಯ ಹೊರಗೇ ಚಪ್ಪಲಿ ಬಿಡಬೇಕು. ಎಲೆ ಕೊಳ್ಳಲು ಬಂದ ಹಾನಗಲ್ಲಿನ ಸಾಹುಕಾರನಾದರೂ ಸರಿ, ಸ್ವಂತ ಮಗಳಾದರೂ ಸರಿ. ಅಪ್ಪನ ಕಾಲದ ಕಟ್ಟಳೆ. ಒಮ್ಮೆ ಮರೆತು ಮೆಟ್ಟಿಕೊಂಡು ಬಂದ ಭಾವನನ್ನೇ ಬೈದು ಅಟ್ಟಿದ್ದ. ಆ ಪುಣ್ಯಾತ್ಮ ಬಹಳ ಕಾಲ ಮನೆ ಕಡೆ ತಲೆ ಹಾಕಲಿಲ್ಲ. ತೋಟದೊಳಗೆ ನಡುಬೇಸಗೆಯಲ್ಲೂ ನೆಲ ತಣ್ಣಗಿರುತ್ತಿತ್ತು. ಆ ತಂಪೇ ಬಳ್ಳಿಯ ಜೀವ.

ಈಚೆಗೆ ಬಿಸಿಲಿಗೆ ಹೊತ್ತುಗೊತ್ತು ಇಲ್ಲವಾಯಿತು. ಚಳಿ ಮುಗಿಯುವ ಮೊದಲೇ ಎಲೆಯ ಅಂಚು ಕೆಂಪಗಾಗುತ್ತಿತ್ತು. ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಅಪ್ಪ ನೆಟ್ಟ ಬಳ್ಳಿ ತನ್ನ ಕೈಯಲ್ಲಿ ಒಣಗಬಾರದೆಂದು ಹಸನಸಾಬ ಸೋಲಾರ್ ಪಂಪು ಹಾಕಿಸಿದ, ಹಳೆಯ ಕರೆಂಟಿನ ಸಂಪರ್ಕ ಬಿಟ್ಟುಕೊಟ್ಟ. ಪ್ಯಾನೆಲ್ ನಿಲ್ಲಿಸಲು ಇದ್ದದ್ದು ಪಡುವಣ ಬೇಲಿಯ ಒಳಗಿನ ಒಂದೇ ಮೂಲೆ. ಬೆಳಗ್ಗೆ ತೋಟದ ನೆರಳು; ಹೊತ್ತು ವಾಲಿತೋ ಇಲ್ಲವೋ, ಬೇಲಿಸಾಲಿನ ಹಾಲವಾಣ ಮರಗಳ ನೆರಳು ಪ್ಯಾನೆಲ್ ಮೇಲೆ. ನೀರು ಕೂಸು ಉಚ್ಚೆ ಹೊಯ್ದಷ್ಟು ಬರುತ್ತಿತ್ತು. ಪಂಪು ಹಾಕಿಕೊಟ್ಟವರು, ಮರ ತೆಗೆಸಿ ಎಂದಷ್ಟೇ ಹೇಳಿ ಗಾಡಿ ಹತ್ತಿದರು.

ಬಳ್ಳಿ ಕಟ್ಟುವ ಆಳು ಮಾಳಪ್ಪ ಕೊಡಲಿಗೆ ಅಡ್ಡ ನಿಂತ.

"ಬ್ಯಾಡ್ರಿ ಸಾಬ್ರ. ಈ ಮರ ಹ್ವಾದ್ರ ಬಿಸಿಗಾಳಿ ಸೀದಾ ಒಳಗ ಬರ್ತೈತ್ರಿ."

"ಬಳ್ಳಿ ನೀರಿಲ್ಲದ ಸಾಯೂದನ್ನ ನೋಡ್ಕೋತ ಕುಂದರ್ಲೇನೊ?" ಎಂದ ಹಸನಸಾಬ.

ಕೊನೆಗೆ ಮಾಳಪ್ಪನೂ ಕೊಡಲಿ ಹಿಡಿದ.

ಮರುದಿನ ನೀರು ಧೋ ಎಂದು ಸುರಿಯಿತು. ಹಸನಸಾಬ ಕಾಲುವೆಯಲ್ಲಿ ನಿಂತು ನಕ್ಕ. ಆದರೆ ಆ ನೀರು ಬರುತ್ತಿದ್ದುದು ಬಿಸಿಲು ನೆತ್ತಿಗೇರಿದಾಗ. ತಂಪು ಹೊತ್ತಿನಲ್ಲಿ ಹನಿಯೂ ಇಲ್ಲ. ಕಡಿದ ಸಾಲಿನಿಂದ ನುಗ್ಗಿದ ಬಿಸಿಲು ನೆಲ ಕಾಯಿಸಿತು, ಕಾದ ನೆಲದಲ್ಲಿ ಹರಿದ ನೀರು ಬೇರು ಬೇಯಿಸಿತು. ಎಲೆಗಳು ಬಾಡಿ ಕಪ್ಪಾದವು. ಹೆಂಡತಿ ಲಾಲಬಿ ನೆರಳಿಗೆಂದು ಹಳೆಯ ಸೀರೆಗಳ ಜೊತೆ ಮದುವೆಯ ಚಾದರವನ್ನೂ ತಂದು ಕಟ್ಟಿದಳು. ಗಾಳಿ ಅದನ್ನೂ ಹರಿದುಹಾಕಿತು. ಹಸನಸಾಬನಿಗೆ ಬೈಯಲು ಯಾರೂ ಸಿಗಲಿಲ್ಲ. ಸೂರ್ಯನನ್ನು ಬೈಯೋಣವೆಂದರೆ ಪಂಪು ನಡೆಯುವುದೂ ಅವನಿಂದಲೇ.

ಒಂದಾದರೂ ಹಸಿ ಕುಡಿ ಸಿಕ್ಕರೆ ಬೇರೆಡೆ ನೆಡೋಣವೆಂದು ಒಂದು ಮಧ್ಯಾಹ್ನ ಮಾಳಪ್ಪನನ್ನು ಕರೆಸಿದ. ಮಾಳಪ್ಪ ಎಂದಿನಂತೆ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ ಅಂಗಾಲು ಸುಟ್ಟು ಹೌಹಾರಿ ಹಿಂದೆ ಸರಿದ. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು. ಹಸನಸಾಬ ಬೊಬ್ಬೆ ಎದ್ದ ತನ್ನ ಅಂಗಾಲು ನೋಡಿಕೊಂಡ.

"ಇನ್ನ ಯಾಕ ಬಿಡ್ತಿ ಮಾಳಪ್ಪ," ಎಂದ. "ಚಪ್ಪಲಿ ಹಾಕ್ಕೊಂಡ ಒಳಗ ಬಾ."