ಸರದಾರ ಕಾಯ್ದ ಡೊಳ್ಳು

ವಳಸಂಗದ ಅಮೋಘಸಿದ್ದಪ್ಪನಿಗೆ ಮಗಳೊಬ್ಬಳು, ಡೊಳ್ಳೊಂದು. ಇಬ್ಬರಲ್ಲಿ ಯಾರ ಮೇಲೆ ಜೀವ ಹೆಚ್ಚು ಎಂದು ಕೇಳಿದರೆ ಊರಿನ ಸಣ್ಣ ಹುಡುಗರೂ ನಕ್ಕು ಡೊಳ್ಳಿನ ಕಡೆ ಕೈ ಮಾಡುತ್ತಿದ್ದರು. ಮಳೆಯ ನಾಲ್ಕು ಹನಿ ಬಿದ್ದರೆ ಅವನು ಡೊಳ್ಳನ್ನು ಎದೆಗವಚಿಕೊಂಡು ಒಳಗೆ ಓಡುತ್ತಿದ್ದ. ಅಂಗಳದಲ್ಲಿ ಕಾಳು ಹಸನ ಮಾಡುತ್ತ ಕೂತ ಚನ್ನವ್ವ ತಾನೇ ಎದ್ದು ಬರಬೇಕು, ಮೊರವನ್ನೂ ತಾನೇ ತರಬೇಕು.

ಡೊಳ್ಳಿನ ಸಾಮಾನಿನ ಮಾತು ಶುರುವಾದರೆ ಅಮೋಘಸಿದ್ದಪ್ಪನಿಗೆ ಹಸಿವೆ ನೀರಡಿಕೆ ಎರಡೂ ಇಲ್ಲ. ಎಡ ಮುಖಕ್ಕೆ ಆಡಿನ ತೊಗಲು, ಬಲಕ್ಕೆ ಟಗರಿನದು. ಉಲ್ಟಾ ಹಾಕಿದವನನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಗ್ಗ ಜತ್ತಿನ ಸಂತೆಯದು ಆಗುವುದಿಲ್ಲ, ಮಿರಜಿನದೇ ಬೇಕು. ಒಮ್ಮೆ ಹಗ್ಗ ತರಲು ಹೋದವನು ಮಿರಜಿನಲ್ಲಿ ಸಿತಾರ ಮಾಡುವವರ ಅಂಗಡಿ ಮುಂದೆ ಅರ್ಧ ದಿನ ನಿಂತುಬಿಟ್ಟಿದ್ದ. "ತಂತಿ ಬಿಗೀಲಿಕ್ಕೆ ಅವರೂ ನಮ್ಮಂಗನ ಒದ್ದಾಡ್ತಾರ" ಎಂದು ಬಂದು ಹೇಳಿದಾಗ ಅವನ ಮುಖದಲ್ಲಿ ಭಾಳ ಸಮಾಧಾನವಿತ್ತು.

ಆ ಸೀಮೆಯ ಡೊಳ್ಳಿನ ಹಾಡು ಎಂದರೆ ಬರೀ ಹಾಡಲ್ಲ, ಜಗಳ. ಎರಡು ಊರಿನ ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ. ಇನ್ನೊಂದು ಮೇಳ ಡೊಳ್ಳಿನ ಒಂದು ಸುತ್ತು ಮುಗಿಯುವುದರೊಳಗೆ ಹಾಡಿನಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತಂತೆ. ಅಮೋಘಸಿದ್ದಪ್ಪ ಸೋತದ್ದನ್ನು ಕಂಡವರಿರಲಿಲ್ಲ. ಅವನ ಸವಾಲುಗಳೆಲ್ಲ ಚನ್ನವ್ವನಿಗೆ ಬಾಯಿಪಾಠ. ತಾಯಿಯಿಲ್ಲದ ಹುಡುಗಿ, ಅಪ್ಪನ ಹಾಡು ಕೇಳುತ್ತಲೇ ಬೆಳೆದವಳು. ಬೀಸುವ ಕಲ್ಲಿನ ಮುಂದೆ ಕೂತು ಅವಳು ಅವನ್ನೇ ಹಿಂದೆ ಮುಂದೆ ಮಾಡಿ ಹಾಡುತ್ತಿದ್ದಳು. "ಚಲೋ ಹಾಡ್ತಿ. ಆದ್ರ ಹಿಟ್ಟ ದಪ್ಪ ಬೀಳಾಕತ್ತೈತಿ ನೋಡ" ಎನ್ನುತ್ತಿದ್ದಳು ಸೋದರತ್ತೆ ದುಂಡವ್ವ.

ಶಿದ್ರಾಯ ಅವಳ ಕಣ್ಣಿಗೆ ಬಿದ್ದದ್ದು ೧೯೬೬ರಲ್ಲಿ. ಸೋನ್ಯಾಳದ ಕುರುಬರ ಹುಡುಗ, ಅಮೋಘಸಿದ್ದಪ್ಪನ ಎರೆ ಹೊಲದಲ್ಲಿ ಗೊಬ್ಬರಕ್ಕೆಂದು ತನ್ನ ಹಿಂಡು ತಂಗಿಸಿದ್ದ. ಕುರಿ ತಂಗಿದಷ್ಟು ದಿನ ಕುರಿಯವರಿಗೆ ರೊಟ್ಟಿ ಹೊಲದವರ ಮನೆಯದು. "ಒಯ್ದ ಕೊಟ್ಟ ಬಾರವ್ವಾ" ಎಂದು ಅಪ್ಪನೇ ಚನ್ನವ್ವನ ತಲೆ ಮೇಲೆ ಬುಟ್ಟಿ ಇಟ್ಟ. ಅವಳು ಹೋಗಿ ಬದುವಿನ ಮೇಲೆ ನಿಂತರೆ ಮುಂದೆ ಹೆಜ್ಜೆ ಇಡುವಂತಿಲ್ಲ. ಅಲ್ಲೊಂದು ಕಂಬಳಿ ಹಾಸಿತ್ತು, ಅದರ ಮೇಲೆ ಮುಂಗಾಲು ಚಾಚಿ ಬಡಕಲು ಹೊಟ್ಟೆಯ ಎತ್ತರದ ನಾಯಿಯೊಂದು ಕೂತಿತ್ತು. ಬೊಗಳಲಿಲ್ಲ. ಸುಮ್ಮನೆ ತುಟಿ ಎತ್ತಿ ಹಲ್ಲು ತೋರಿಸಿತು.

"ಅದರ ಹೆಸರ ಸರದಾರ" ಎಂದ ಶಿದ್ರಾಯ, ಮರಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತ. "ಕಂಬಳಿ ಹಾಸಿ 'ಕಾಯಿ' ಅಂದ್ರ ಮುಗೀತು. ನಮ್ಮ ಮನ್ಯಾವ್ರ ಬಿಟ್ಟ ಇನ್ಯಾರ ಬಂದ್ರೂ ಬಿಡಂಗಿಲ್ಲ."

"ಹಂಗಾರ ನಿಮ್ಮ ಸರದಾರಗ ಹೇಳ್ರಿ, ರೊಟ್ಟಿ ಆರಾಕತ್ತಾವು."

ಹಿಂಡು ಹತ್ತು ಹನ್ನೆರಡು ದಿನ ತಂಗಿತು. ಮೂರನೆಯ ದಿನಕ್ಕೆ ನಾಯಿ ಬದುವಿನ ತನಕ ಎದುರು ಬಂದು ಅವಳ ಕೈಯ ರೊಟ್ಟಿ ತಿನ್ನತೊಡಗಿತು. ಒಂದು ಮಧ್ಯಾಹ್ನ ಶಿದ್ರಾಯ ಅವಳ ಕೈ ಹಿಡಿದು ಕಂಬಳಿಯ ಮೇಲಿಟ್ಟು, ನಾಯಿಯ ಕಡೆ ನೋಡಿ, "ಈಕಿ ನಮ್ಮಾಕಿ ಅದಾಳೋ" ಎಂದ. ನಾಯಿಗೆ ಹೇಳಿದ ಮಾತು ಅದು. ಆದರೆ ನಾಯಿಯೊಂದನ್ನು ಬಿಟ್ಟು ಉಳಿದ ಇಬ್ಬರೂ ಕೆಂಪಾದರು. ಆ ದಿನ ಚನ್ನವ್ವ ಖಾಲಿ ಬುಟ್ಟಿ ಅಲ್ಲೇ ಮರೆತು ಮನೆಗೆ ಬಂದಳು.

ಆಮೇಲೆ ಹಿಂಡು ವರ್ಷಕ್ಕೊಮ್ಮೆ ಬರುತ್ತಿತ್ತು, ರೊಟ್ಟಿ ಬುಟ್ಟಿ ಹೋಗುತ್ತಿತ್ತು. ಶಿದ್ರಾಯನ ಸೋದರಮಾವ ಹೆಣ್ಣು ಕೇಳಲು ಬಂದದ್ದೂ ಆಯಿತು. ಅಮೋಘಸಿದ್ದಪ್ಪ ಚಹಾ ಕುಡಿಸಿ, ಅಡಿಕೆ ಕೊಟ್ಟು, "ವರ್ಷದಾಗ ಎಂಟ ತಿಂಗಳ ಊರ ಬಿಟ್ಟ ತಿರಗಾಂವಗ ನಾ ಹೆಣ್ಣ ಕೊಡಂಗಿಲ್ರಿ" ಎಂದು ಕಳಿಸಿದ. ಅವನ ಅಜ್ಜ ಕುರಿ ಬಿಟ್ಟು ಹೊಲ ಹಿಡಿದವನು. ತನ್ನ ಮಗಳು ಮತ್ತೆ ಕುರಿಯ ಹಿಂದೆ ಹೋಗುವುದು ಅವನಿಗೆ ಬೇಡವಾಗಿತ್ತು. ಮೇಲಾಗಿ ಕುಣಿಕೋಣೂರದಲ್ಲಿ ಬಾವಿ ಇದ್ದ ಮನೆಯೊಂದನ್ನು ನೋಡಿಟ್ಟಿದ್ದ. ಅವರು ಒಂದು ಸೋಮವಾರ ಮಾತು ಪಕ್ಕಾ ಮಾಡಲು ಬರುವವರಿದ್ದರು. ಚನ್ನವ್ವ ಅಪ್ಪನಿಗೆ ಎದುರಾಡಲಿಲ್ಲ. ಹಿಟ್ಟು ಮಾತ್ರ ಇನ್ನೂ ದಪ್ಪ ಬೀಳತೊಡಗಿತು.

ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ ಸೋನ್ಯಾಳದ ಶಾಲೆಗೆ ಹೊಸ ಖೋಲಿ ಕಟ್ಟಿದ್ದರ ಸಂಭ್ರಮ. ೧೯೬೮, ಸುಗ್ಗಿ ಮುಗಿದಿತ್ತು. ಮಧ್ಯಾಹ್ನ ಸೋನ್ಯಾಳಕ್ಕೂ ಕುಣಿಕೋಣೂರಕ್ಕೂ ಹುತುತು, ಅಂದರೆ ಕಬಡ್ಡಿ ಆಟ, ಇಳಿಹೊತ್ತಿಗೆ ಸೋನ್ಯಾಳಕ್ಕೂ ವಳಸಂಗಕ್ಕೂ ಡೊಳ್ಳಿನ ಹಾಡು. ಎರಡಕ್ಕೂ ತೀರ್ಪು ಕೊಡುವ ಪಂಚ ಒಬ್ಬರೇ: ಬಾಳಾಸಾಹೇಬ ಮಾಸ್ತರು. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಸೀಟಿ ಊದಿ ಡೊಳ್ಳು ಬಾರಿಸಲು ಹೇಳಿದ ಮೊದಲ ಮನುಷ್ಯ ಈ ಭೂಮಿಯ ಮೇಲೆ ಅವರೇ ಇರಬೇಕು.

ಚನ್ನವ್ವ ದುಂಡವ್ವನ ಜೊತೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಶಿದ್ರಾಯ ಸೋನ್ಯಾಳದ ಪರ ಆಟ, ಹಾಡು ಎರಡರಲ್ಲೂ ಇದ್ದ. ಆಟಕ್ಕಿಳಿಯುವ ಮುಂಚೆ ಮೇಳದ ಎರಡೂ ಡೊಳ್ಳುಗಳನ್ನು ಬೇವಿನ ಮರದ ಕೆಳಗಿಟ್ಟು, ಮೇಲೆ ಕಂಬಳಿ ಹೊಚ್ಚಿ, ಸರದಾರನಿಗೆ "ಕಾಯಿ" ಎಂದ. ಅಂದವನು ಹಾಗೇ ಆಟಕ್ಕೆ ಹೋದ.

ಹುತುತು ಹೇಳುತ್ತ ಎದುರು ಪಾಳೆಗೆ ನುಗ್ಗಿದರೆ ಶಿದ್ರಾಯನ ಉಸಿರು ಮುಗಿಯುತ್ತಲೇ ಇರಲಿಲ್ಲ. ಹಾಡಿ ಹಾಡಿ ಬೆಳೆದ ಎದೆ ಅದು. ಕೊನೆಯ ಸರತಿಗೆ ನಾಲ್ಕು ಮಂದಿ ಕುಣಿಕೋಣೂರದವರು ಅವನ ಮೇಲೆ ಬಿದ್ದರು. ನಾಲ್ವರನ್ನೂ ಎಳೆದುಕೊಂಡೇ ಗೆರೆ ಮುಟ್ಟಿದ, "ಹುತುತು" ಇನ್ನೂ ಬಾಯಲ್ಲಿತ್ತು. ಸೋನ್ಯಾಳ ಗೆದ್ದಿತು, ಶಿದ್ರಾಯನ ಕಾಲಿನ ಕೀಲು ತಪ್ಪಿತು. ಹುಡುಗರು ಗೆದ್ದ ಖುಷಿಯಲ್ಲಿ ಕೂಗುತ್ತಲೇ ಅವನನ್ನು ಎತ್ತಿಕೊಂಡು ಎಲುಬು ಕೂಡಿಸುವ ಶಿವಯೋಗೆಪ್ಪನ ಮನೆಗೆ ಒಯ್ದರು.

ಇತ್ತ ಹಾಡಿನ ಹೊತ್ತಾಯಿತು. ವಳಸಂಗದ ಡೊಳ್ಳು ಸಜ್ಜಾಗಿ ನಿಂತಿತು. ಸೋನ್ಯಾಳದ ಮೇಳದ ಧೂಳಪ್ಪ ತಮ್ಮ ಡೊಳ್ಳು ತರಲು ಮರದ ಕಡೆ ಹೋದವನು ಹೋದಷ್ಟೇ ಜೋರಾಗಿ ತಿರುಗಿ ಬಂದ. ನಗೆಯಾಡಿದವರಿಗೆ, "ನಗಬ್ಯಾಡ್ರಿ, ನೀವ ಹೋಗಿ ತರ್ರಿ ನೋಡೂಣು" ಎಂದ. ಇನ್ನೊಬ್ಬ ಹೋದ. ಅವನ ಧೋತರದ ಚುಂಗು ಸರದಾರನ ಬಾಯಲ್ಲಿ ಉಳಿಯಿತು. ಧೂಳಪ್ಪ ಎರಡನೆಯ ಸಲ ಬೆಲ್ಲ ಹಿಡಿದು ಹೋಗಿ, "ಸರದಾರಾ, ನಾ ನಿಮ್ಮ ಧೂಳಪ್ಪ ಕಾಕಾ ಅಲ್ಲೇನೋ? ನಿನ್ನ ಸಣ್ಣಾಂವ ಇದ್ದಾಗಿಂದ ನೋಡೀನಲ್ಲೋ" ಎಂದು ನೆಂಟಸ್ತನ ಹೇಳಿಕೊಂಡ. ಸರದಾರ ಬೆಲ್ಲ ತಿಂದಿತು. ಡೊಳ್ಳು ಕೊಡಲಿಲ್ಲ.

ಶಿದ್ರಾಯನನ್ನು ಕರೆಯಲು ಓಡಿದ್ದ ಆಳು ಬಂದು, ಶಿವಯೋಗೆಪ್ಪ ಕಾಲು ಹಿಡಿದು ಕೂತಿದ್ದಾನೆ, ಪಟ್ಟಿ ಕಟ್ಟುವ ತನಕ ದೇವರು ಕರೆದರೂ ಬಿಡುವುದಿಲ್ಲ ಎನ್ನುತ್ತಾನೆ ಎಂದ. ನಾಯಿ ಬಿಡುವ ಮನೆಯವಳು ಇನ್ನೊಬ್ಬಳು ಶಿದ್ರಾಯನ ತಾಯಿ; ಅವಳು ದೂರದ ಅಡವಿಯಲ್ಲಿ ಹಿಂಡಿನ ಜೊತೆ. ಅಮೋಘಸಿದ್ದಪ್ಪನ ಡೊಳ್ಳನ್ನು ಕೇಳೋಣವೇ ಎಂದರೆ, ಅವನ ಒಂದು ಕಣ್ಣು ಕೇಳುವುದು ಅದಕ್ಕಿಂತ ಸಲೀಸು. ಬಾಳಾಸಾಹೇಬರು ಗಡಿಯಾರ ನೋಡಿ, "ಐದ ಮಿನಿಟ. ಡೊಳ್ಳ ಬರಲಿಲ್ಲಂದ್ರ ಸೋನ್ಯಾಳ ಸೋತಿತು ಅಂತ ಬರೀತೀನಿ. ನೇಮ ಅಂದ್ರ ನೇಮ" ಎಂದರು.

ಆಗ ಸೋನ್ಯಾಳದ ಇಬ್ಬರು ಬಿಸಿರಕ್ತದ ಹುಡುಗರು ಬಡಿಗೆ ತಂದರು. ಒಬ್ಬ ಮುಷ್ಟಿ ಗಾತ್ರದ ಕಲ್ಲು ಎತ್ತಿಕೊಂಡ. ಸರದಾರ ಕಂಬಳಿಯ ಮೇಲೆ ಎದ್ದು ನಿಂತಿತು. ಓಡುವ ಜಾತಿಯಲ್ಲ ಅದು; ಸತ್ತರೂ ಅಲ್ಲೇ.

ಅದು ಯಾರಿಗೆ ಬಿಡುತ್ತದೆಂದು ಈ ಜನಸಂದಣಿಯಲ್ಲಿ ಚನ್ನವ್ವನೊಬ್ಬಳಿಗೇ ಗೊತ್ತು. ಎದ್ದು ಹೋದರೆ ಎರಡೂ ಊರಿಗೆ ಗೊತ್ತಾಗುತ್ತದೆ. ಕುರಿ ಕಾಯುವವರ ಸೀಮೆ ಇದು. ನಾಯಿ ಕಂಬಳಿ ಯಾರಿಗೆ ಬಿಡುತ್ತದೆ ಎನ್ನುವುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ಕುಣಿಕೋಣೂರದವರು ಬರುವುದಿಲ್ಲ. ಅಪ್ಪ ತಲೆ ಎತ್ತಿ ತಿರುಗುವಂತಿಲ್ಲ. ಸುಮ್ಮನೆ ಕೂತರೆ ಅಪ್ಪ ಹಾಡದೆಯೇ ಗೆಲ್ಲುತ್ತಾನೆ, ತನ್ನ ಹೆಸರು ಉಳಿಯುತ್ತದೆ. ಹುಡುಗನ ಕೈಯ ಕಲ್ಲು ಮೇಲೆದ್ದಿತು.

"ಕಲ್ಲ ಕೆಳಗ ಇಡೋ!"

ಕೂಗಿದ್ದು ತಾನೇ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಅವಳು ಎದ್ದು ನಡೆದಾಗಿತ್ತು. ದುಂಡವ್ವ ಹಿಂದಿನಿಂದ ಸೆರಗು ಜಗ್ಗಿದಳು. ಸೆರಗಿನ ಅಂಚು ಅವಳ ಕೈಗೆ ಸಿಗಲಿಲ್ಲ. ಮರದ ಹತ್ತಿರ ಹೋಗಿ ಚನ್ನವ್ವ ಕೈ ಚಾಚಿದಳು. ಸರದಾರ ಅವಳನ್ನು ನೋಡಿತು. ಬಾಲ ನೆಲಕ್ಕೆ ಬಡಿಯತೊಡಗಿತು, ಆಮೇಲೆ ಇಡೀ ಮೈ ಕುಣಿಯತೊಡಗಿತು. ಕೊನೆಗೆ ಕಂಬಳಿಯಿಂದ ಇಳಿದು ಅವಳ ಕಾಲ ಬುಡದಲ್ಲಿ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಇಷ್ಟು ಹೊತ್ತು ಸರದಾರಿಕೆ ಮಾಡಿದ ನಾಯಿ ಅದೇ.

ಅವಳು ಕಂಬಳಿ ಮಡಚಿ ಹೆಗಲಿಗೆ ಹಾಕಿ, ಎರಡೂ ಡೊಳ್ಳು ಒಂದೊಂದಾಗಿ ಎತ್ತಿ ಧೂಳಪ್ಪನ ಕೈಗೆ ಕೊಟ್ಟಳು. ಶಿದ್ರಾಯನನ್ನು ಇಬ್ಬರ ಹೆಗಲ ಮೇಲೆ ಹೊತ್ತು ತಂದದ್ದು ಸರಿಯಾಗಿ ಆಗಲೇ. ತನ್ನ ಕಂಬಳಿ ಎಲ್ಲಿದೆ ಎಂದು ನೋಡಿದ, ಅವಳ ಮುಖ ನೋಡಿದ, ಅಮೋಘಸಿದ್ದಪ್ಪನನ್ನು ನೋಡಿ ತಲೆ ಕೆಳಗೆ ಹಾಕಿದ. ಧೂಳಪ್ಪ ಒಂದು ಡೊಳ್ಳನ್ನು ಅವನ ಮಡಿಲಿಗಿಟ್ಟ.

ಬಾಳಾಸಾಹೇಬರು ಮಾತ್ರ ಏನೂ ಆಗದವರಂತೆ ಸೀಟಿ ಊದಿದರು. ಮೊದಲ ಸವಾಲು ವಳಸಂಗದ್ದು.

ಅಮೋಘಸಿದ್ದಪ್ಪ ಮುಂದೆ ಬಂದ. ಸೃಷ್ಟಿ ಹೇಗಾಯಿತು, ಕುರಿ ಮೊದಲೋ ಕುರುಬ ಮೊದಲೋ ಎಂಬ ಅವನ ಹಳೆಯ ಸವಾಲುಗಳಿಗಾಗಿ ಜನ ಕಾದರು. ಅವನು ಮಗಳ ಕಡೆ ನೋಡಲೂ ಇಲ್ಲ. ಶಿದ್ರಾಯನ ಮೇಲೆ ಕಣ್ಣು ನೆಟ್ಟು ದನಿ ಎತ್ತಿದ:

"ಕಂಬಳಿ ಕಾಯುವ ನಾಯಿಯ ಹೇಳೋ, ಯಾರಿಗಿ ಬಗ್ಗದ ನಾಯಿ,
ನನ ಮಗಳ ಕಂಡು ಬಾಲ ಬಡೀತೋ, ಯಾ ಊರ ಋಣದ ನಾಯಿ?"

ಸೋನ್ಯಾಳದ ಡೊಳ್ಳು ಸುತ್ತು ಹಿಡಿಯಿತು. ಜವಾಬು ಕೊಡಬೇಕಾದವನು ಶಿದ್ರಾಯ. ನಾಲ್ಕು ಮಂದಿ ಮೈಮೇಲೆ ಬಿದ್ದರೂ ಕಡಿಯದ ಉಸಿರು ಈಗ ಹಾಡಾಗಲಿಲ್ಲ. ನಿಜ ಹೇಳಿದರೆ ಹುಡುಗಿಯ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಹುಡುಗಿಯೇ ಎದುರಿಗಿದ್ದಾಳೆ. ಡೊಳ್ಳು ಬಾರಿಸುತ್ತಲೇ ಹೋದ. ಸುತ್ತು ಅರ್ಧ ದಾಟಿತು. ಬಾಳಾಸಾಹೇಬರ ಕೈ ಸೀಟಿಯ ಕಡೆ ಹೋಯಿತು.

ಚನ್ನವ್ವ ಇನ್ನೂ ಮರದ ಕೆಳಗೇ ನಿಂತಿದ್ದಳು, ಹೆಗಲ ಮೇಲೆ ಕಂಬಳಿ. ಇನ್ನು ಮುಚ್ಚಿಡುವುದೇನು ಉಳಿದಿದೆ ಎನ್ನಿಸಿತು. ಹಾಗೆ ಅನ್ನಿಸಿದ್ದೇ ಭಯ ಹೋಗಿ ಒಂಥರ ಹಗುರಾಯಿತು. ಬೀಸುವ ಕಲ್ಲಿನ ಮುಂದೆ ಹಾಡುವ ಅದೇ ಧಾಟಿಯಲ್ಲಿ ಎತ್ತಿಕೊಂಡಳು:

"ಎರಿಯ ಹೊಲದಾಗ ತಂಗಿದ ಹಿಂಡಿಗಿ ರೊಟ್ಟಿ ಒಯ್ದಾಕಿ ನಾನ,
ಅಪ್ಪಾ, ಬುಟ್ಟಿ ಹೊರಿಸಿದಾಂವ ನೀನ;
ತಿಂದ ನಾಯಿ ಋಣ ಮರೀಲಿಲ್ಲೋ,
ಉಣಿಸಿದಾಕಿ ಮರೀಲೇನ?"

ಡೊಳ್ಳು ನಿಂತುಹೋಯಿತು. ಬಾರಿಸುತ್ತಿದ್ದ ಶಿದ್ರಾಯನ ಕೈ ಅರ್ಧಕ್ಕೇ ನಿಂತಿತ್ತು. ಡೊಳ್ಳಿನ ಹಾಡಿಗೆ ಹೆಣ್ಣುಮಗಳು ಜವಾಬು ಕೊಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಬಾಳಾಸಾಹೇಬರ ಕಡೆ ನೋಡಿದರು. ಅವರು, "ಇದಕ್ಕ ನೇಮ ಇಲ್ರಿ ನನ್ನ ಕಡೆ" ಎಂದು ಅಮೋಘಸಿದ್ದಪ್ಪನ ಕಡೆ ನೋಡಿದರು.

ಅಮೋಘಸಿದ್ದಪ್ಪನ ತುಟಿ ಅಲುಗುತ್ತಿತ್ತು. ಮಗಳು ಹಾಡಿದ್ದನ್ನೇ ತನ್ನೊಳಗೆ ಹೇಳಿಕೊಳ್ಳುತ್ತಿದ್ದ, ಎಲ್ಲಾದರೂ ಒಂದು ತೊಡಕು ಸಿಗುತ್ತದೆಯೋ ಎಂದು ಹುಡುಕುತ್ತಿದ್ದ. "ಬುಟ್ಟಿ ಹೊರಿಸಿದಾಂವ ನೀನ" ಎನ್ನುವಲ್ಲಿಗೆ ಬಂದು ಬಂದು ತುಟಿ ನಿಲ್ಲುತ್ತಿತ್ತು. ಚನ್ನವ್ವ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಜವಾಬ ಕೂಡಿತು" ಎಂದ ಕೊನೆಗೆ. "ಸವಾಲ ತೀರಿತು. ನಾ ಸೋತ್ನಿ."

ಎರಡೂ ಊರಿನ ಜನ ಒಮ್ಮೆಗೇ ಹೋ ಎಂದರು. ದುಂಡವ್ವ ಅಳುತ್ತ ನಗತೊಡಗಿದಳು. ಆ ಗದ್ದಲದಲ್ಲೇ ಅಮೋಘಸಿದ್ದಪ್ಪ ಶಿದ್ರಾಯನ ಹತ್ತಿರ ಹೋಗಿ ನಿಂತ. ಶಿದ್ರಾಯ ಒಂಟಿ ಕಾಲಿನ ಮೇಲೆ ಏಳಲು ನೋಡಿದ.

"ಕುಂದರ ಕುಂದರ. ಒಂದ ಕೇಳ್ತೀನಿ, ನೆಟ್ಟಗ ಹೇಳ. ನನ್ನ ಮಗಳು ಹಾಡೂವಾಗ ನೀ ತಾಳ ಯಾಕ ಬಿಟ್ಟಿ?"

"ಕೈ ಆಡಲಿಲ್ರಿ ಮಾವಾರ" ಎಂದ ಶಿದ್ರಾಯ, ಕರೆದ ಹೆಸರು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಮೋಘಸಿದ್ದಪ್ಪ ಅದನ್ನು ಕೇಳಿಯೂ ಕೇಳದವನಂತೆ ಬಗ್ಗಿ, ಅವನ ಡೊಳ್ಳಿನ ಹಗ್ಗವನ್ನು ತನ್ನ ಕೈಯಾರೆ ಬಿಗಿಮಾಡಿದ.

"ಇನ್ನ ಮ್ಯಾಲ ಬಿಡಬ್ಯಾಡ" ಎಂದ. "ಆಕಿ ಇಷ್ಟಕ್ಕ ನಿಲ್ಲಸಾಕಿ ಅಲ್ಲ. ಹಿಡಿ ತಾಳ."