ಕಾಕುಗೆ ಕೊಟ್ಟ ಬಂಗಾರದ ಎಲೆ

ನಾನು ಚಿಕ್ಕವನಿದ್ದಾಗ ಪುಣೆಯ ಕೋಥರೂಡಿನಲ್ಲಿ, ಮೂರು ಮಹಡಿಯ ಒಂದು ಕಟ್ಟಡದಲ್ಲಿ ನಮ್ಮ ಮನೆಯಿತ್ತು. ಧಾರವಾಡ ಬಿಟ್ಟು ಬಂದು ಆಗ ಎರಡೇ ವರ್ಷವಾಗಿತ್ತು. ನೀವು ನನ್ನನ್ನು ಅಜ್ಜ ಎನ್ನುತ್ತೀರಿ, ಆದರೆ ನನ್ನ ತಲೆಯಲ್ಲಿ ಇನ್ನೂ ಬಿಳಿಗೂದಲಿಗಿಂತ ಕರಿಗೂದಲೇ ಹೆಚ್ಚು! ಏನು ಮಾಡುವುದು, ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಮೊಮ್ಮಕ್ಕಳಿಗೆ ನಾನು ಅಜ್ಜನೇ ತಾನೆ? ಇವತ್ತು ಹೇಳುವುದರಲ್ಲಿ ನನ್ನ ಜಾಣತನವೇನೂ ಇಲ್ಲ. ಇದು ನಾನು ಮಾಡಿದ ಒಂದು ತಪ್ಪಿನ ಕಥೆ.

ಕೆಳಗಿನ ಮನೆಯಲ್ಲಿ ಒಬ್ಬರು ಕಾಕು, ಅಂದರೆ ಚಿಕ್ಕಮ್ಮ ಎಂದು ಎಲ್ಲರೂ ಕರೆಯುವವರು, ಇದ್ದರು. ಮರಾಠಿಯವರು, ಆದರೆ ತವರುಮನೆ ಬೆಳಗಾವಿ. ಹಾಗಾಗಿ ನಮ್ಮೊಡನೆ ಅವರದು ಕನ್ನಡವೇ; ನನ್ನನ್ನು ಮಾತ್ರ ಮರಾಠಿಯಲ್ಲಿ ‘ಬಾಳಾ’, ಅಂದರೆ ಮಗು, ಎನ್ನುತ್ತಿದ್ದರು. ಮೆಟ್ಟಿಲ ತಿರುವಿನ ಕಿಟಕಿಯಲ್ಲಿ, ಬೆಳಗಿನ ಬಿಸಿಲು ಬೀಳುವ ಕಟ್ಟೆಯ ಮೇಲೆ ಅವರದೊಂದು ಜೇಡ್ ಗಿಡವಿತ್ತು. ಒಂದು ಮೊಳ ಎತ್ತರ, ದಪ್ಪ ಕಾಂಡ, ನಾಲ್ಕೂ ಕಡೆ ಹರಡಿದ ಕೊಂಬೆ; ನೋಡಿದರೆ ಪುಟ್ಟ ಆಲದಮರ. ದುಂಡನೆಯ ಮಂದ ಎಲೆಗಳು ಒಳಗೆ ನೀರು ತುಂಬಿಕೊಂಡು ತಣ್ಣಗಿರುತ್ತಿದ್ದವು. ಎಲೆಯಂಚಿಗೆ ಕೆಂಪು ಗೆರೆ. ಆರು ವರ್ಷದಿಂದ ಕಾಕು ಅದನ್ನು ಕತ್ತರಿಸಿ ಕತ್ತರಿಸಿ ಆ ಆಕಾರಕ್ಕೆ ತಂದಿದ್ದರು. ಚಳಿಗಾಲದ ಹೂಗಿಡಗಳ ಪ್ರದರ್ಶನದಲ್ಲಿ ಆ ಸಲ ಇಡಬೇಕೆಂದು ಹೆಸರನ್ನೂ ಕೊಟ್ಟು ಬಂದಿದ್ದರು. ಕತ್ತರಿ ಹಿಡಿದರೆ ಒಂದು ಕೊಂಬೆಯ ಮುಂದೆ ಹತ್ತು ನಿಮಿಷ ಯೋಚಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಆಮೇಲೆ ಗಿಡವನ್ನು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯುವ ತಾಳ್ಮೆ ನನಗೆಲ್ಲಿತ್ತು? ಕತ್ತರಿಯ ಸದ್ದು ನಿಂತ ಕೂಡಲೇ ಆಡಲು ಓಡುತ್ತಿದ್ದೆ.

ದಸರಾ ಬಂತು. ನಮ್ಮ ಕಡೆ ಆ ಸಂಜೆ ಬನ್ನಿ ಎಲೆಯೇ ಬಂಗಾರ. ಚಿಕ್ಕವರು ಮನೆಮನೆಗೆ ಹೋಗಿ ದೊಡ್ಡವರ ಕೈಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನಬೇಕು. ಪುಣೆಯವರು ಬೇರೊಂದು ಮರದ ಎಲೆ ಹಂಚುತ್ತಾರೆ. ಅವರಿಗೆ ಅದೇ ಬಂಗಾರ. ಅಪ್ಪನಿಗೆ ಅದು ಒಪ್ಪಿಗೆಯಿರಲಿಲ್ಲ.

“ಪ್ಯಾಟ್ಯಾಗ ಮಾರೂದು ಬನ್ನಿ ಅಲ್ಲ. ಚಾಕಣದಾಗ ನಮ್ಮ ಫ್ಯಾಕ್ಟರಿ ಹಿಂದ ಖರೇ ಬನ್ನಿ ಗಿಡ ಅದ. ಬರೂವಾಗ ತರ್ತೀನಿ,” ಎಂದು ಹೇಳಿ ಬೆಳಿಗ್ಗೆಯೇ ಯಂತ್ರಗಳ ಪೂಜೆಗೆ ಹೋದರು.

ಸಂಜೆಯಾದರೂ ಅಪ್ಪನ ಬಸ್ಸು ಬರಲಿಲ್ಲ. ಕಟ್ಟಡದ ಮಕ್ಕಳೆಲ್ಲ ಹೊಸ ಬಟ್ಟೆ ತೊಟ್ಟು ಎಲೆ ಹಂಚುತ್ತಿದ್ದರು. ನನ್ನ ಕೈಗೂ ಕೊಟ್ಟರು. ತಿರುಗಿ ಕೊಡಲು ನನ್ನದೆಂದು ಒಂದೆಲೆಯೂ ಇಲ್ಲ. ‘ನಿನ್ನ ಬಂಗಾರ ಎಲ್ಲಿ?’ ಎಂದು ಒಬ್ಬ ಮರಾಠಿಯಲ್ಲಿ ಕೇಳಿ ನಕ್ಕ. ನಾನು ಮೇಲೆ ಓಡಿದೆ. ಅಡುಗೆಮನೆಯ ತುಂಬ ಹೋಳಿಗೆಯ ತುಪ್ಪದ ವಾಸನೆ. ಲಟ್ಟಣಿಗೆ ಹಿಡಿದಿದ್ದ ಅಕ್ಕ, “ಗಡಿಬಿಡಿ ಮಾಡಬ್ಯಾಡೋ, ಅಪ್ಪ ಈಗ ಬರ್ತಾರ,” ಎಂದಳು. ನಾನು ಕಾಯಲಿಲ್ಲ. ಹೊಲಿಗೆ ಯಂತ್ರದ ಕತ್ತರಿ ತೆಗೆದುಕೊಂಡು ಮೆಟ್ಟಿಲ ತಿರುವಿಗೆ ಬಂದೆ.

ದುಂಡನೆಯ, ನಾಣ್ಯದಂಥ ಎಲೆ. ಬಂಗಾರಕ್ಕೆ ಇದಕ್ಕಿಂತ ಇನ್ನೇನು ಬೇಕು ಎನಿಸಿತು. ನಾಲ್ಕೈದು ಕೊಂಬೆ ಕತ್ತರಿಸಿದೆ. ಕಟಕ್ ಎಂದು ಮುರಿದು, ಸೌತೆಕಾಯಿಯಂಥ ಹಸಿ ವಾಸನೆ ಬಂತು. ಎಲೆಗಳನ್ನು ಕಿತ್ತು ಜೇಬಿಗೆ ತುಂಬಿ, ಬೋಳಾದ ಬದಿ ಕಿಟಕಿ ಪಕ್ಕದ ಗೋಡೆಗೆ ಬರುವಂತೆ ಕುಂಡವನ್ನು ತಿರುಗಿಸಿಟ್ಟೆ. ಆಮೇಲೆ ಎಲ್ಲರಿಗೂ ಹಂಚಿದೆ. ಎಲ್ಲರೂ ಮೆಚ್ಚಿದರು!

ಕೊನೆಯ ಮನೆ ಕಾಕುದು. ಬಾಗಿಲು ತೆರೆದಾಗ ಉಳಿದಿದ್ದ ಒಂದು ಎಲೆಯನ್ನು ಅವರ ಕೈಗಿಟ್ಟೆ. ಇಟ್ಟ ಮೇಲೆಯೇ ನನಗೆ ಹೊಳೆದದ್ದು, ಅವರ ಗಿಡವನ್ನು ಅವರಿಗೇ ಕೊಡುತ್ತಿದ್ದೇನೆಂದು. ಕಾಕು ಅಂಗೈಯನ್ನು ಬೆಳಕಿಗೆ ಹಿಡಿದು ಎಲೆಯನ್ನು ತುಂಬ ಹೊತ್ತು ನೋಡಿದರು. “ಬಂಗಾರದಂಗ ಇರು, ಬಾಳಾ,” ಎಂದು ಅದನ್ನು ದೇವರ ಮುಂದಿಟ್ಟು, ನನಗೊಂದು ಬೇಸನ್ ಉಂಡಿ ಕೊಟ್ಟರು. ಆ ಉಂಡಿಯನ್ನು ತಿನ್ನದೆ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದರೆ ಅಪ್ಪ ಟವೆಲಿನ ತುಂಬ ಬನ್ನಿ ಕಟ್ಟಿಕೊಂಡು ಆಗಷ್ಟೇ ಬಂದು ಕೂತಿದ್ದರು.

ಮರುದಿನದಿಂದ ನನಗೆ ನೆಮ್ಮದಿಯಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಕು ಕೆಮ್ಮಿದರೂ ನನ್ನನ್ನೇ ಕರೆದರೆಂದು ಬಾಗಿಲ ಹಿಂದೆ ಸರಿಯುತ್ತಿದ್ದೆ. ಹೇಗಾದರೂ ಬೇಗ ಎಲೆ ಬರಿಸಬೇಕು. ನಮ್ಮ ಮನೆಯ ತುಳಸಿ ಬಾಡಿದರೆ ಅವ್ವ ಒಂದು ತಂಬಿಗೆ ನೀರು ಹಾಕುತ್ತಿದ್ದಳು, ಸಂಜೆಗೆ ಅದು ತಲೆ ಎತ್ತುತ್ತಿತ್ತು. ನನಗೆ ಗೊತ್ತಿದ್ದ ಗಿಡದ ಉಪಚಾರ ಅದೊಂದೇ. ದಿನವೂ ಶಾಲೆಗೆ ಹೋಗುವಾಗ ನನ್ನ ಬಾಟಲಿಯ ನೀರನ್ನೆಲ್ಲ ಕುಂಡಕ್ಕೆ ಸುರಿದೆ. ಮಧ್ಯಾಹ್ನ ಬಾಯಾರಿದರೂ ಸಹಿಸಿಕೊಂಡೆ. ಇದೇ ನನಗೆ ಶಿಕ್ಷೆ ಎಂದುಕೊಂಡೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಶಾಲೆಯಿಂದ ಬಂದರೆ ಕಾಕು ಮೆಟ್ಟಿಲ ಮೇಲೆ ಕೂತಿದ್ದರು. ಗಿಡ ಕುಂಡದಿಂದ ಹೊರಗೆ ಬಂದಿತ್ತು. ಬೇರು ಕಪ್ಪಾಗಿ, ಚರಂಡಿಯ ವಾಸನೆ. ಹಳದಿ ಎಲೆಗಳು ಮುಟ್ಟಿದರೆ ಉದುರುತ್ತಿದ್ದವು. ಕಾಕು ಕಾಂಡವನ್ನು ಒಂದೊಂದೇ ಬೆರಳಗಲ ಕತ್ತರಿಸುತ್ತ ಹಸಿರು ಹುಡುಕುತ್ತಿದ್ದರು. ಬುಡದಿಂದ ತುದಿಯವರೆಗೂ ಕಂದು ಬಣ್ಣವೇ.

“ಕಾಕು, ನಾ ದಿನಾ ನೀರು ಹಾಕೀನ್ರಿ,” ಎಂದು ಅತ್ತುಬಿಟ್ಟೆ.

ಅವರ ಕತ್ತರಿ ನಿಂತಿತು. “ಎಲಿ ಕಿತ್ತವ ನೀನು ಅಂತ ದಸರಾ ದಿನಾನ ಗೊತ್ತಾತು. ನನ್ನ ಗಿಡದ ಎಲಿ ನನಗ ಗೊತ್ತಾಗೂದಿಲ್ಲೇನು? ನೀನಾಗೇ ಬಂದು ಹೇಳ್ತಿ ಅಂತ ಕಾದೆ. ಗಾಯ ಒಣಗಲಿ ಅಂತ ನಾನೂ ಅದನ್ನ ಮುಟ್ಟಲಿಲ್ಲ. ಕತ್ತರಿಸಿದ ಮ್ಯಾಲೆ ಇದಕ್ಕ ನೀರು ಹಾಕಬಾರದು, ಬಾಳಾ. ಒಣಗಾಕ ಬಿಟ್ಟಿದ್ರ ಒಂದೊಂದು ಕೊಂಬಿಗೆ ಎರಡೆರಡು ಚಿಗುರು ಬರ್ತಿದ್ದವು.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಾಕು ಬೈಯಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಒಳಗೆ ಹೋಗಿ ದೇವರ ಮುಂದಿದ್ದ ಎಲೆಯನ್ನು ತಂದು ನನ್ನ ಕೈಗಿಟ್ಟರು. ಸ್ವಲ್ಪ ಸುಕ್ಕಾಗಿತ್ತು. ಮುರಿದ ತುದಿಯಲ್ಲಿ ದಾರದ ಎಳೆಯಂಥ ನಸುಗೆಂಪು ಬೇರು ಮೂಡಿತ್ತು. ಒಣ ಮರಳು ಬೆರೆಸಿದ ಮಣ್ಣಿನ ಮೇಲೆ ಅದನ್ನು ಇಡುವುದು, ನೆರಳಲ್ಲಿ ಕಾಯುವುದು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಚಿಮುಕಿಸುವುದು, ಎಲ್ಲ ಕಲಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ನಾನೂ ಎಲ್ಲ ಕಲಿತೆ.

ಮುಂದಿನ ದಸರಾಕ್ಕೆ ನನ್ನ ಗಿಡದಲ್ಲಿ ಆರು ಎಲೆಗಳಿದ್ದವು, ಅಷ್ಟೇ. ಹೆಸರು ಕೊಟ್ಟಿದ್ದ ಆ ಪ್ರದರ್ಶನದ ದಿನ ಕಾಕು ಮನೆಯಲ್ಲೇ ಇದ್ದರು; ಖಾಲಿ ಕಿಟಕಿಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದುದನ್ನು ನಾನು ಮೇಲಿನಿಂದ ನೋಡಿದೆ. ಮುಂದೆ ಅವರು ಯಾವ ಗಿಡವನ್ನೂ ಅಲ್ಲಿಗೆ ಒಯ್ಯಲಿಲ್ಲ. ಅದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಈಗ ನಿಮ್ಮ ಮನೆ ಹನ್ನೊಂದನೆಯ ಮಹಡಿಯಲ್ಲಿದೆ. ಗಿಡಗಳು ಡಬ್ಬದಲ್ಲಿ ಕೂತು ಬಾಗಿಲಿಗೇ ಬರುತ್ತವೆ, ಎಷ್ಟು ನೀರು ಹಾಕಬೇಕೆಂದು ಫೋನು ಹೇಳುತ್ತದೆ. ಬನ್ನಿ ಎಲೆಯೂ ಚಿತ್ರವಾಗಿ ಫೋನಿಗೇ ಬರುತ್ತದೆ. ಆದರೆ ನಿಮ್ಮ ಬಾಲ್ಕನಿಯಲ್ಲಿ, ಅಕ್ಕ ದಿನವೂ ಮಾತಾಡಿಸುವ ಆ ದೊಡ್ಡ ಜೇಡ್ ಇದೆಯಲ್ಲ, ಅದು ಕಾಕು ನನ್ನ ಕೈಗಿಟ್ಟ ಎಲೆಯಿಂದಲೇ ಬಂದದ್ದು.

ಮೊನ್ನೆ ಬಂದಾಗ ನೋಡಿದೆ. ಆ ಕುಂಡವನ್ನು ಯಾರೋ ಗೋಡೆಯ ಕಡೆ ತಿರುಗಿಸಿದ್ದಾರೆ. ಹಿಂದೆ ಒಂದು ಕೊಂಬೆ ಮುರಿದಿದೆ, ಪಕ್ಕದಲ್ಲೇ ನಿಮ್ಮ ಚೆಂಡು ಬಿದ್ದಿತ್ತು. ಯಾರೆಂದು ನಾನು ಕೇಳುವುದಿಲ್ಲ. ನೀರು ಮಾತ್ರ ಹಾಕಬೇಡಿ. ಇವತ್ತೇ ಹೋಗಿ ನಿಮ್ಮ ಅಜ್ಜಿಗೆ ನೀವೇ ಹೇಳಿ. ಅವಳಿಗೆ ಆಗಲೇ ಗೊತ್ತಿದೆ, ಕಾಯುತ್ತಿದ್ದಾಳೆ.